ಎಪಿಎಲ್ ಕಾರ್ಡಿನವರ ಪಾಡೇನು?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಯಾವ ಕುಟುಂಬವೂ ಆಸ್ಪತ್ರೆ ಬಿಲ್‌ಗೆ ಹೆದರಬೇಕಿಲ್ಲ ಅಂತ ಬರೆದಿದ್ದೀರಿ. ಬಿಪಿಎಲ್‌ನವರ ಮಟ್ಟಿಗೆ ಒಪ್ಪುತ್ತೇನೆ, ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಅದರಿಂದ ಉಳಿದುಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಆದರೆ ಎಪಿಎಲ್‌ನವರಿಗೆ ಸಿಗುವುದು ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಆಸ್ಪತ್ರೆ ಕೊಡುವ ಬಿಲ್‌ನಲ್ಲಿ ಶೇ 30 ಅಲ್ಲ, ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದಲ್ಲಿ!

ನಮ್ಮ ಅಪ್ಪ ಟೈಲರ್. ಸ್ಟೆಂಟ್ ಹಾಕಿಸಬೇಕು ಅಂದಾಗ ತುರ್ತು ಕೇಸ್ ಅಲ್ಲ ಅಂತ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಗೆ ಎರಡು ದಿನ ಅಲೆದೆವು, ಆಮೇಲೆ ಉಳಿದ ಹಣ ಕಟ್ಟಲು ಅಮ್ಮನ ಬಳೆ ಅಡವಿಟ್ಟೆವು. ಇನ್ನೂ ಬಿಡಿಸಿಕೊಂಡಿಲ್ಲ.

ಎಪಿಎಲ್ ಅಂದರೆ ಎಲ್ಲರೂ ಅನುಕೂಲಸ್ಥರು ಅಂದುಕೊಳ್ಳಬೇಡಿ. ಮನೆಯ ಆದಾಯ ವರ್ಷಕ್ಕೆ 1.20 ಲಕ್ಷ ದಾಟಿದರೆ ಬಿಪಿಎಲ್ ಕಾರ್ಡ್ ಸಿಗುವುದಿಲ್ಲ. ಅಂದರೆ ಇಡೀ ಮನೆಗೆ ತಿಂಗಳಿಗೆ 10 ಸಾವಿರ, ಅಷ್ಟೇ ಅಲ್ವಾ? ಬಾಡಿಗೆ, ರೇಷನ್, ಮಕ್ಕಳ ಫೀಸು ಎಲ್ಲಾ ಅದರಲ್ಲೇ ಆಗಬೇಕು. ಹನ್ನೆರಡೋ ಹದಿಮೂರೋ ಸಾವಿರ ದುಡಿಯುವ ಇಂಥ ಮನೆಯವರು ಉಳಿದ ಶೇ 70 ಎಲ್ಲಿಂದ ತರಬೇಕು? ಮೊದಲು ಬಿಪಿಎಲ್ ಕಾರ್ಡಿನ ಆ ಆದಾಯ ಮಿತಿ ಏರಿಸಲಿ.