ನಾಲ್ಕು ಸಿಲಿಂಡರು, ಒಂದು ಟ್ರೇಲರು, ಮತ್ತೆ ಆ ಹಾಳು ಗಾಳಿ

"ನಾಲ್ಕು ಸಿಲಿಂಡರ್ ಎಂಜಿನ್ನಿನ ಪಿಕಪ್ ಇಟ್ಕೊಂಡು ಟ್ರೇಲರ್ ಏನು ಮಹಾ ಎಳೀತೀಯ?" ಅಂತ ಕೇಳೋರಿಗೆ ಉತ್ತರ ಕೊಟ್ಟೂ ಕೊಟ್ಟೂ ಬಾಯಿ ನೋವು ಬಂದಿದೆ. ಅದಕ್ಕೇ ಒಂದ್ಸಲ ಕೂತು ಎಲ್ಲಾ ಬರೆದುಬಿಡ್ತೀನಿ. ಉದ್ದ ಆಗುತ್ತೆ. ಪುರುಸೊತ್ತಿದ್ದೋರು ಓದಿ.

ನನ್ನ ಪಿಕಪ್ ಡ್ಯಾಶ್‌ಬೋರ್ಡ್ ಗೂಡಲ್ಲಿ ಒಂದು ಪುಟ್ಟ ನೋಟ್‌ಬುಕ್ಕಿದೆ. ರಟ್ಟಿಗೆ ಗ್ರೀಸ್ ಮೆತ್ತಿ ಮೊದಲು ಯಾವ ಬಣ್ಣ ಇತ್ತು ಅಂತಾನೇ ಗೊತ್ತಾಗಲ್ಲ. ಟ್ಯಾಂಕ್ ತುಂಬಿಸಿದಾಗೆಲ್ಲ ಅದರಲ್ಲಿ ಒಂದು ಸಾಲು ಬರೀತೀನಿ: ಎಷ್ಟು ಕಿಲೋಮೀಟರ್ ಓಡಿತು, ಎಷ್ಟು ಲೀಟರ್ ಹಿಡೀತು, ಹಿಂದೆ ಏನು ಕಟ್ಟಿದ್ದೆ, ಗಾಳಿ ಎದುರಿತ್ತೋ ಬೆನ್ನಿಗಿತ್ತೋ. ಮೀಟರ್ ಪರದೆ ತೋರಿಸೋ ಮೈಲೇಜನ್ನ ನಾನು ನಂಬಲ್ಲ. ಪಂಪಿನ ಗನ್ ಮೊದಲ ಸಲ ಟಕ್ ಅಂದ ತಕ್ಷಣ ನಿಲ್ಲಿಸಬೇಕು, ಮುಂದಿನ ಸಲಾನೂ ಅಷ್ಟಕ್ಕೇ ನಿಲ್ಲಿಸಬೇಕು, ನಡುವೆ ಓಡಿದ ದೂರವನ್ನ ಹಿಡಿದ ಲೀಟರಿಂದ ಭಾಗಿಸಬೇಕು. ಒಂದು ಟ್ಯಾಂಕಿನ ಲೆಕ್ಕ ಲೆಕ್ಕವೇ ಅಲ್ಲ. ಮೂರ್ನಾಲ್ಕು ಟ್ಯಾಂಕ್ ಸರಾಸರಿ ತೆಗೆದರೆ ಗಾಡಿಯ ನಿಜ ಬಣ್ಣ ಗೊತ್ತಾಗುತ್ತೆ.

ಆ ನೋಟ್‌ಬುಕ್ಕಿನ ಮೂರು ಸಾಲುಗಳು ನನ್ನ ತಲೇಲಿದ್ದ ಎಷ್ಟೋ ಕಲ್ಪನೆಗಳನ್ನ ತಲೆಕೆಳಗೆ ಮಾಡಿದವು. ಸಮತಟ್ಟು ರಸ್ತೆ, ಹೆಚ್ಚುಕಡಿಮೆ ಗಂಟೆಗೆ 80 ಕಿ.ಮೀ. ವೇಗ. ಹಿಂದೆ ಏನೂ ಇಲ್ಲದಾಗ ಲೀಟರಿಗೆ 14 ಕಿ.ಮೀ. ಬಂತು. ತಗ್ಗಾದ ಚಪ್ಪಟೆ ಟ್ರೇಲರಿಗೆ ಕಲ್ಲು ಹೇರಿ, ಒಟ್ಟು 1,300 ಕೆ.ಜಿ. ಎಳೆದಾಗ 11. ಆಮೇಲೆ ಒಂದು ಎತ್ತರದ ಪೆಟ್ಟಿಗೆ ಟ್ರೇಲರ್, ಒಳಗೆ ಏನೂ ಇಲ್ಲ, ಪೂರ್ತಿ ತೂಕ 600 ಕೆ.ಜಿ. ಮಾತ್ರ. ಅದಕ್ಕೆ 8.

ಕೂಡೋದ್ರಲ್ಲಿ ಎಡವಿದ್ದೀನಿ ಅಂದ್ಕೊಂಡು ಮತ್ತೆ ಲೆಕ್ಕ ಹಾಕಿದೆ. ಮತ್ತೂ 8. ಅರ್ಧಕ್ಕಿಂತ ಕಡಿಮೆ ತೂಕ, ಅದೂ ಖಾಲಿ ಡಬ್ಬ, ಕಲ್ಲಿಗಿಂತ ಜಾಸ್ತಿ ಎಣ್ಣೆ ಕುಡಿದಿತ್ತು!

ಆಗ ಕಾಗದದ ಮೇಲೆ ಅಂದಾಜು ಹಾಕೋಕೆ ಕೂತೆ. ಸಮತಟ್ಟಲ್ಲಿ ಒಂದೇ ವೇಗದಲ್ಲಿ ಹೋಗ್ತಿರೋ ಗಾಡಿಯನ್ನ ಹಿಂದಕ್ಕೆ ಎಳೆಯೋದು ಮುಖ್ಯವಾಗಿ ಎರಡೇ: ಟೈರು ಉರುಳುವಾಗಿನ ತಡೆ ಮತ್ತು ಗಾಳಿ. ಟೈರಿನ ತಡೆ ತೂಕದ ಶೇ. 1ರ ಆಸುಪಾಸು. ಹಾಗಾಗಿ 1,800 ಕೆ.ಜಿ. ಪಿಕಪ್ಪಿಗೆ ಸುಮಾರು 180 ನ್ಯೂಟನ್ (ಬಲದ ಅಳತೆ), ಕಲ್ಲಿನ ಟ್ರೇಲರ್ ಸೇರಿದರೆ 300. ಇನ್ನು ಗಾಳಿ. ಗಂಟೆಗೆ 80ರಲ್ಲಿ ಬರೀ ಪಿಕಪ್ಪಿಗೆ 350 ನ್ಯೂಟನ್ ಅಂದ್ಕೊಳ್ಳಿ. ಚಪ್ಪಟೆ ಟ್ರೇಲರ್ ಪಿಕಪ್ಪಿನ ನೆರಳಲ್ಲೇ ಅಡಗಿ ಬರುತ್ತೆ, ಅದು ಸೇರಿಸೋದು ಇನ್ನೊಂದು ನೂರು. ಆದರೆ ಪೆಟ್ಟಿಗೆ ಟ್ರೇಲರಿನ ಮುಂದಿನ ತಗಡು ಕ್ಯಾಬಿನ್ ಮೇಲಿಂದ ಅರ್ಧ ಮೀಟರಿಗೂ ಜಾಸ್ತಿ ಎದ್ದು ನಿಂತಿದೆ, ಎರಡೂ ಪಕ್ಕಕ್ಕೆ ಚಾಚಿದೆ, ಮೂಲೆಗಳೆಲ್ಲ ಚಾಕುವಿನಂಥ ಅಂಚು. ಅದರ ಜೊತೆ ಗಾಳಿ ತಡೆ 900ರ ಹತ್ತಿರ ಹೋಗುತ್ತೆ. ಎರಡನ್ನೂ ಕೂಡಿದರೆ ಖಾಲಿ ಪಿಕಪ್ಪಿಗೆ 530, ಕಲ್ಲಿಗೆ 750, ಖಾಲಿ ಡಬ್ಬಕ್ಕೆ 1,100 ಮೀರುತ್ತೆ. ನೋಟ್‌ಬುಕ್ಕಿನ ಮೈಲೇಜ್ ಪಕ್ಕದಲ್ಲಿ ಇಟ್ಟು ನೋಡಿ, ಹೆಚ್ಚುಕಡಿಮೆ ಅದೇ ಕತೆ.

ಅಂದರೆ ಸಮತಟ್ಟು ರಸ್ತೇಲಿ ನಾವು ಎಳೀತಿರೋದು ಸಾಮಾನನ್ನಲ್ಲ, ಗಾಳಿಯನ್ನ. ಈ ಗಾಳಿ ಅನ್ನೋದು ಬಡ್ಡಿ ಲೆಕ್ಕದ ಸಾಹುಕಾರ ಇದ್ದ ಹಾಗೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುತ್ತೆ. 80ರಿಂದ 100ಕ್ಕೆ ಹೋದರೆ ವೇಗ ಏರಿದ್ದು ಕಾಲು ಭಾಗ, ಗಾಳಿ ತಡೆ ಏರಿದ್ದು ಶೇ. 56. ಅದನ್ನ ಮೆಟ್ಟಿ ಹೋಗೋಕೆ ಎಂಜಿನ್ ಕೊಡಬೇಕಾದ ಶಕ್ತಿ ಹೆಚ್ಚುಕಡಿಮೆ ಎರಡರಷ್ಟು. ಎಂಟು ಸಿಲಿಂಡರಿನ ದೊಡ್ಡ ವಿ8 ಎಂಜಿನ್ನಿಗೆ ಆ ಶಕ್ತಿ ಜೇಬಲ್ಲೇ ಇರುತ್ತೆ, ಅದು ಉಸಿರೂ ಬಿಡದೆ ಕೊಡುತ್ತೆ. ಕೊಡುವಾಗ ಎಣ್ಣೆ ಕುಡಿಯುತ್ತೆ ಅನ್ನೋದು ಬೇರೆ ಮಾತು. ನಮ್ಮ ನಾಲ್ಕು ಸಿಲಿಂಡರ್ ಮಾತ್ರ ಅಲ್ಲಿ ಏದುಸಿರು ಬಿಡೋಕೆ ಶುರು ಮಾಡುತ್ತೆ. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನಾದರೆ ಇನ್ನೊಂದು ಫಜೀತಿ: ಬಹಳ ಹೊತ್ತು ಬೂಸ್ಟಲ್ಲೇ (ಟರ್ಬೊ ಒಳಕ್ಕೆ ಗಾಳಿ ಒತ್ತಿ ತುಂಬ್ತಾ) ಇದ್ದರೆ ಒಳಗಿನ ಬಿಸಿ ತಗ್ಗಿಸೋಕೆ ಕಂಪ್ಯೂಟರು ಬೇಕಾದ್ದಕ್ಕಿಂತ ಜಾಸ್ತಿ ಪೆಟ್ರೋಲ್ ಸುರಿಯುತ್ತೆ. "ಖಾಲಿ ಇದ್ದಾಗ ಅಷ್ಟು ಮೈಲೇಜ್ ಕೊಡೋ ಗಾಡಿ, ಟ್ರೇಲರ್ ಕಟ್ಟಿದ ಕೂಡ್ಲೆ ಹೀಗ್ಯಾಕೆ ಬಿದ್ದೋಯ್ತು" ಅಂತ ಗೋಳಾಡೋರು ತಮ್ಮ ಬಲಗಾಲನ್ನ ಒಂದ್ಸಲ ನೋಡ್ಕೊಳ್ಳಿ.

(ಮಧ್ಯೆ ಒಂದು ಮಾತು. ಹಿಂದಿನ ಡಾಲಾ ಬಾಗಿಲು ಇಳಿಸಿಕೊಂಡು ಓಡಿಸಿದರೆ ಗಾಳಿ ಸಲೀಸಾಗಿ ಹೋಗುತ್ತೆ, ಮೈಲೇಜ್ ಬರುತ್ತೆ ಅಂತ ಈಗಲೂ ನಂಬೋರಿದ್ದಾರೆ. ಬಾಗಿಲು ಮುಚ್ಚಿದ್ದಾಗ ತೊಟ್ಟಿಯೊಳಗೆ ಗಾಳಿ ಒಂದು ಸುಳಿ ಕಟ್ಟಿಕೊಂಡು ಕೂರುತ್ತೆ, ಮೇಲಿನ ಗಾಳಿ ಅದರ ಬೆನ್ನ ಮೇಲೆ ಜಾರಿ ಹೋಗುತ್ತೆ. ಬಾಗಿಲು ಇಳಿಸಿದರೆ ಆ ಸುಳಿ ಕೆಡುತ್ತೆ. ದಯವಿಟ್ಟು ಮುಚ್ಚಿಕೊಂಡು ಹೋಗಿ.)

ಹಾಗಾದ್ರೆ ಭಾರ ಲೆಕ್ಕಕ್ಕೇ ಇಲ್ವಾ? ಇದೆ, ಏರು ಬಂದಾಗ ಇದೆ. ಮೂರು ಟನ್ನನ್ನ 300 ಮೀಟರ್ ಮೇಲಕ್ಕೆ ಎತ್ತೋಕೆ ಸುಮಾರು 9 ಮೆಗಾಜೂಲ್ ಬೇಕು. ಒಂದು ಲೀಟರ್ ಪೆಟ್ರೋಲಲ್ಲಿ 32ರಷ್ಟಿರುತ್ತೆ, ಆದರೆ ಬಹುಪಾಲು ಬಿಸಿಯಾಗಿ ಹೊಗೆಯಾಗಿ ಹೋಗಿ ಚಕ್ರಕ್ಕೆ ಮುಟ್ಟೋದು ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಅಂದರೆ ಆ ಒಂದು ಏರಿಗೆ ಒಂದು ಲೀಟರ್ ಕಾಣಿಕೆ. ಆಚೆ ಕಡೆ ಇಳಿಯುವಾಗ ಸ್ವಲ್ಪ ವಾಪಸ್ ಬರುತ್ತೆ, ಬ್ರೇಕ್ ಒತ್ತಿದಷ್ಟೂ ಅದೂ ಹೋಯ್ತು.

ಏರಲ್ಲಿ ನಮ್ಮ ಜನ ಮಾಡೋ ತಪ್ಪು ಒಂದೇ: ಮೇಲಿನ ಗೇರ್ ಬಿಡಲ್ಲ. "ಆರ್‌ಪಿಎಂ ಏರಿದ್ರೆ ಎಣ್ಣೆ ಕುಡಿಯುತ್ತೆ" ಅನ್ನೋ ಹೆದರಿಕೆ. (ಆರ್‌ಪಿಎಂ ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅನ್ನೋದು.) ಐದನೇ ಗೇರಲ್ಲಿ ಎಂಜಿನ್ ಗೊಗ್ಗರು ದನಿ ತೆಗೆದು ನಡುಗ್ತಾ ಇರುತ್ತೆ, ಕಾಲು ಪೂರ್ತಿ ಒತ್ತಿರುತ್ತೆ, ಗಾಡಿ ಮಾತ್ರ ಮುಂದೆ ಹೋಗ್ತಿಲ್ಲ. ಕ್ಯಾಮೆ ಮಾಡಿಸ್ಕೊಳ್ಳಬೇಕಾದರೆ ಎಂಜಿನ್ನನ್ನ ತಿರುಗೋಕೆ ಬಿಡಬೇಕು ಸ್ವಾಮಿ. ಟೊಯೊಟಾ ಟಕೋಮಾದ ಹಳೆಯ 2.7 ಲೀಟರ್ ನಾಲ್ಕು ಸಿಲಿಂಡರ್ ಎಂಜಿನ್ 159 ಹಾರ್ಸ್‌ಪವರ್ ಕೊಡ್ತಿದ್ದದ್ದು 5,200 ಆರ್‌ಪಿಎಂನಲ್ಲಿ. 1,800ರಲ್ಲಿ ಅದನ್ನ ಕೇಳಿದರೆ ಎಲ್ಲಿಂದ ತರುತ್ತೆ ಪಾಪ? ಡೀಸೆಲ್ ಟರ್ಬೊ ಕತೆ ಬೇರೆ. ಹೈಲಕ್ಸ್‌ನ 2.8 ಲೀಟರ್ ಎಂಜಿನ್, ಅದೂ ನಾಲ್ಕೇ ಸಿಲಿಂಡರು, ಆಟೋಮ್ಯಾಟಿಕ್ ಗೇರಿನ ಜೊತೆ 1,600 ಆರ್‌ಪಿಎಂಗೇ 500 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸೋ ಬಲ, ಕೊಡುತ್ತೆ. ಸಿಲಿಂಡರ್ ಎಣಿಸಿ ಗಾಡಿಯ ತಾಕತ್ತು ಹೇಳೋರು ಇದನ್ನ ಗಮನಿಸಲಿ.

ನನ್ನ ಕಲ್ಲಿನ ಟ್ರೇಲರನ್ನೇ ತಗೊಳ್ಳಿ. 100 ಮೀಟರಿಗೆ 6 ಮೀಟರ್ ಏರೋ ರಸ್ತೇಲಿ 80ರಲ್ಲಿ ಹತ್ತಿಸೋಕೆ ಚಕ್ರದ ಹತ್ತಿರ ಸುಮಾರು 57 ಕಿಲೋವಾಟ್ ಬೇಕು. 60ಕ್ಕೆ ಇಳಿದರೆ 40 ಸಾಕು. ಕೆಳಗಿನ ಗೇರ್ ಹಾಕಿ, ಎಡಪಕ್ಕ ಹಿಡಿದು, ಹಿಂದಿನವರು ಹಾರ್ನ್ ಹೊಡೆದರೆ ಹೊಡೀಲಿ ಅಂತ ಬಿಟ್ಟರೆ ಎಂಜಿನ್ ಬಿಸಿಯ ಮುಳ್ಳು ನಡುವಲ್ಲೇ ನಿಂತಿರುತ್ತೆ. ಆಟೋಮ್ಯಾಟಿಕ್ ಇದ್ದೋರು ಓವರ್‌ಡ್ರೈವ್ (ಎಲ್ಲಕ್ಕಿಂತ ಮೇಲಿನ ಗೇರ್) ಬಂದ್ ಮಾಡಿ, ಇಲ್ಲಾ ಟ್ರೇಲರ್ ಎಳೆಯೋಕಂತಲೇ ಕೊಟ್ಟಿರೋ ಟೋ ಮೋಡ್ ಹಾಕಿ. ಗೇರ್ ಮೇಲೆ ಕೆಳಗೆ ಓಲಾಡ್ತಾ ಇದ್ದರೆ ಮೈಲೇಜ್ ಹೋಗೋದು ಸಣ್ಣ ಮಾತು, ಗೇರ್‌ಬಾಕ್ಸ್ ಆಯಿಲ್ ಕಾದು ಕಪ್ಪಾಗೋದು ದೊಡ್ಡ ಮಾತು.

ಈಗ ಕಂಪನಿಯವರು ಕೊಡೋ "ಇಷ್ಟು ಎಳೆಯುತ್ತೆ" ಅನ್ನೋ ಅಂಕಿಗೆ ಬರೋಣ. ಇದು ಸುಮ್ಮನೆ ಬಾಯಿಗೆ ಬಂದದ್ದಲ್ಲ. ಅಮೆರಿಕದಲ್ಲಿ ಎಸ್‌ಎಇ ಅನ್ನೋ ವಾಹನ ಎಂಜಿನಿಯರುಗಳ ಸಂಸ್ಥೆಯ ಜೆ2807 ಅನ್ನೋ ಮಾನದಂಡ ಇದೆ. ಅರಿಝೋನಾದ ಡೇವಿಸ್ ಡ್ಯಾಮ್ ಏರಿನ 11.4 ಮೈಲಿಯನ್ನ, ಸುಡು ಬಿಸಿಲಲ್ಲಿ, ಎಸಿ ಪೂರ್ತಿ ಹಾಕಿಕೊಂಡು, ಸಾಮಾನ್ಯ ಪಿಕಪ್ ಆದರೆ ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ಒಳ್ಳೇ ಪರೀಕ್ಷೆ, ಗೌರವ ಇದೆ. ಆದರೆ ಫೋರ್ಡ್ ಮ್ಯಾವರಿಕ್ ಹೈಬ್ರಿಡ್ ನೋಡಿ. 2022ರ ಮಾಡೆಲ್ಲು ಅಮೆರಿಕದ ಸರ್ಕಾರಿ ಲೆಕ್ಕದಲ್ಲಿ ಊರೊಳಗೆ 42 ಎಂಪಿಜಿ (ಗ್ಯಾಲನ್ನಿಗೆ ಇಷ್ಟು ಮೈಲಿ), ಅಂದರೆ ಲೀಟರಿಗೆ ಸುಮಾರು 18 ಕಿ.ಮೀ. ಎಳೆಯೋ ಮಿತಿ 2,000 ಪೌಂಡ್, ಸುಮಾರು 900 ಕೆ.ಜಿ. ಈ ಎರಡೂ ಅಂಕಿ ಒಂದೇ ಜಾಹೀರಾತಲ್ಲಿ ಅಕ್ಕಪಕ್ಕ ಬಂದಾಗ ಓದೋನು ಏನು ಅಂದ್ಕೋತಾನೆ? 900 ಕೆ.ಜಿ. ಕಟ್ಟಿಕೊಂಡೂ 18 ಬರುತ್ತೆ ಅಂತ. ಒಂದು ಖಾಲಿ ಗಾಡಿಯ ಅಂಕಿ, ಇನ್ನೊಂದು ತುಂಬಿದ ಗಾಡಿಯದು. ಬಹಳಷ್ಟು ಗಾಡಿಗಳ ಟೋಯಿಂಗ್ ಪುಸ್ತಕದಲ್ಲಿ ತೂಕದ ಮಿತಿ ಜೊತೆಗೆ ಟ್ರೇಲರಿನ ಮುಖ ಎಷ್ಟು ಅಗಲ ಎತ್ತರ ಇರಬಹುದು ಅನ್ನೋ ವಿಸ್ತೀರ್ಣದ ಮಿತಿಯೂ ಇರುತ್ತೆ. ಆ ಪುಟವನ್ನ ಯಾರೂ ತೆರೆಯಲ್ಲ. ನಾನೂ ತೆರೆದಿರಲಿಲ್ಲ, ಆ 8 ನೋಡೋವರೆಗೆ.

ಈಗ ನನ್ನ ಮಾನ ಕಳೆಯೋ ಕತೆ. ಒಂದ್ಸಲ ಚಪ್ಪಟೆ ಟ್ರೇಲರಿಗೆ ಸಾಮಾನು ಹೇರುವಾಗ ಸೋಮಾರಿತನ ಮಾಡಿದೆ. ಭಾರದ್ದೆಲ್ಲ ಹಿಂದೆ ಬಾಗಿಲ ಹತ್ತಿರವೇ ಇಟ್ಟೆ, ಇಳಿಸೋಕೆ ಸುಲಭ ಅಂತ. ಒಂದು ಇಳಿಜಾರಲ್ಲಿ 90 ದಾಟಿತು. ಕನ್ನಡಿಯಲ್ಲಿ ಟ್ರೇಲರಿನ ಎಡಮೂಲೆ ಕಾಣಿಸ್ತು, ಮಾಯ ಆಯ್ತು, ಆಮೇಲೆ ಬಲಮೂಲೆ ಕಾಣಿಸ್ತು. ಮತ್ತೆ ಎಡ, ಮತ್ತೆ ಬಲ, ಪ್ರತಿ ಸಲಕ್ಕೂ ಇನ್ನೊಂದಿಷ್ಟು ಜಾಸ್ತಿ. ಸ್ಟೀರಿಂಗ್ ಹಿಡಿದ ಕೈಗೆ ಗಾಡಿಯ ಹಿಂಭಾಗವನ್ನ ಯಾರೋ ಹಿಡಿದು ಜಗ್ಗಿದ ಹಾಗೆ ಅನ್ನಿಸ್ತಿತ್ತು. ಬ್ರೇಕ್ ಮೇಲೆ ನಿಂತುಬಿಡೋಣ ಅನ್ನೋ ಆಸೆ ಬಂತು. ಪುಣ್ಯಕ್ಕೆ ನಿಲ್ಲಲಿಲ್ಲ. ಆಕ್ಸಿಲರೇಟರ್ ಬಿಟ್ಟೆ, ಸ್ಟೀರಿಂಗ್ ನೆಟ್ಟಗೆ ಹಿಡಿದೆ, ಟ್ರೇಲರಿನ ಬ್ರೇಕನ್ನ ಮಾತ್ರ ಕೈಯಿಂದ ಒತ್ತಿದೆ. 70ಕ್ಕೆ ಬಂದಾಗ ಟ್ರೇಲರ್ ಬಾಲ ಅಲ್ಲಾಡಿಸೋದು ನಿಂತಿತು. ಪಕ್ಕಕ್ಕೆ ಹಾಕಿ ಕೆಳಗಿಳಿದರೆ ಮೊಣಕಾಲು ನನ್ನ ಮಾತು ಕೇಳ್ತಿರಲಿಲ್ಲ.

ಎತ್ತಿನ ಗಾಡಿ ಹೂಡಿದವರಿಗೆ ಇದನ್ನ ಹೇಳಿಕೊಡಬೇಕಾಗಿಲ್ಲ. ಹಿಂಭಾರ ಆದರೆ ನೊಗ ಎತ್ತುಗಳ ಕುತ್ತಿಗೆಯಿಂದ ಮೇಲೇಳುತ್ತೆ, ಮುಂಭಾರ ಆದರೆ ಕುತ್ತಿಗೆ ಮುರಿಯುತ್ತೆ. ಹಿಚ್, ಅಂದರೆ ಪಿಕಪ್ಪಿಗೆ ಟ್ರೇಲರ್ ಸಿಕ್ಕಿಸೋ ಕೊಂಡಿ, ಅದರ ಮೇಲೂ ಅದೇ ನ್ಯಾಯ. ಅಮೆರಿಕದ ಕಡೆ ಟ್ರೇಲರ್ ತೂಕದ ಶೇ. 10ರಿಂದ 15 ಹಿಚ್ ಮೇಲೆ ಕೂರಬೇಕು ಅಂತಾರೆ. ಹಾಗೆ ಕೂತ ಭಾರ ಪಿಕಪ್ಪಿನ ಸ್ವಂತ ಲೋಡಿನ ಖಾತೆಗೇ ಹೋಗುತ್ತೆ. 600 ಕೆ.ಜಿ. ಹೊರೋ ಪಿಕಪ್ಪಿಗೆ ಹಿಚ್ ಮೇಲೆ 150, ನಾಲ್ಕು ಜನ 300, ಉಪಕರಣ 100. ಉಳಿದಿದ್ದು 50. ಎಂಜಿನ್ ದಮ್ ಕಟ್ಟೋಕೆ ಮುಂಚೆ ಸಣ್ಣ ಪಿಕಪ್ಪಿನ ಹಿಂದಿನ ಸ್ಪ್ರಿಂಗು ಕುಕ್ಕರಿಸಿರುತ್ತೆ, ಹೆಡ್‌ಲೈಟು ಆಕಾಶ ನೋಡ್ತಿರುತ್ತೆ. ಬ್ರೇಕ್ ವಿಷಯ ಹೇಳಲೇಬೇಕಾ? ಯುರೋಪಲ್ಲಿ 750 ಕೆ.ಜಿ. ದಾಟಿದ ಟ್ರೇಲರಿಗೆ ತನ್ನದೇ ಬ್ರೇಕ್ ಕಡ್ಡಾಯ. ಕಾನೂನು ಕೇಳಲಿ ಬಿಡಲಿ, ನಾನು ಅದಕ್ಕಿಂತ ಕಡಿಮೆ ತೂಕಕ್ಕೂ ಹಾಕಿಸ್ಕೋತೀನಿ.

ಇಷ್ಟೆಲ್ಲ ಕಷ್ಟ ಇದ್ದ ಮೇಲೆ ದೊಡ್ಡ ಗಾಡೀನೇ ತಗೋಬಹುದಲ್ಲ ಅಂತೀರಿ. ತಗೊಳ್ಳಿ, ವಾರಕ್ಕೆ ಐದು ದಿನ ಎಳೆಯೋದಾದರೆ ಖಂಡಿತ ತಗೊಳ್ಳಿ. ನಾನು ವರ್ಷಕ್ಕೆ 15,000 ಕಿ.ಮೀ. ಓಡಿಸ್ತೀನಿ, ಅದರಲ್ಲಿ ಟ್ರೇಲರ್ ಹಿಂದಿರೋದು 1,500. ಟ್ರೇಲರಿನ ಜೊತೆ ಏರು, ಎದುರುಗಾಳಿ, ಡಬ್ಬ ಎಲ್ಲಾ ಸೇರಿ ಲೀಟರಿಗೆ 7 ಅಂತ ಕೆಟ್ಟದ್ದನ್ನೇ ಹಿಡಿದರೂ 214 ಲೀಟರ್. ಉಳಿದ 13,500ಕ್ಕೆ 14ರಂತೆ 964. ಒಟ್ಟು 1,180 ಲೀಟರಿನ ಒಳಗೆ. ಖಾಲಿಯಾಗಿ 9, ಎಳೆಯುವಾಗ 5.5 ಕೊಡೋ ದೊಡ್ಡ ಗಾಡಿಗೆ ಇದೇ ಲೆಕ್ಕ ಹಾಕಿದರೆ 1,770 ದಾಟುತ್ತೆ. ಆರುನೂರು ಲೀಟರ್ ವ್ಯತ್ಯಾಸ. ಅದರಲ್ಲಿ ಎಳೆಯುವಾಗ ಉಳಿದದ್ದು ಅರವತ್ತು ಲೀಟರೂ ಇಲ್ಲ, ಮಿಕ್ಕದ್ದೆಲ್ಲ ಖಾಲಿ ಓಡಾಡಿದ್ದು. ಅಷ್ಟಕ್ಕೆ ನಾನು ಕೊಡೋ ಬೆಲೆ ಏರಲ್ಲಿ ನಿಧಾನ ಹೋಗೋದು, ಆಮೇಲೆ ಆ ಹಾರ್ನ್ ಕೇಳಿಸ್ಕೊಳ್ಳೋದು.

ಆ ಪೆಟ್ಟಿಗೆ ಟ್ರೇಲರನ್ನ ಈಗ ಮಾರೋಕಿಟ್ಟಿದೀನಿ. ಬಂದು ನೋಡಿದೋರು ಬಾಗಿಲು ಬಡಿದು ನೋಡ್ತಾರೆ, ಕೆಳಗೆ ಬಗ್ಗಿ ಆಕ್ಸಲ್ ನೋಡ್ತಾರೆ, ಎಷ್ಟು ಟನ್ ಹಿಡಿಯುತ್ತೆ ಅಂತ ಕೇಳ್ತಾರೆ. ಎತ್ತರ ಎಷ್ಟಿದೆ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ.