ಹೆದರಿರೋ ನಾಯಿನ ತಬ್ಕೊಳ್ಳಿ, ಏನೂ ಕೆಡಲ್ಲ

ಪಟಾಕಿ ಸದ್ದಿಗೆ ನಡುಗ್ತಿರೋ ನಾಯಿನ ಮುದ್ದು ಮಾಡ್ಬೇಡಿ, ಮಾಡಿದ್ರೆ ಹೆದರೋದೇ ಚಾಳಿ ಆಗ್ಬಿಡುತ್ತೆ ಅನ್ನೋ ಮಾತು ಇವತ್ತಿಗೂ ಓಡಾಡ್ತಾ ಇದೆ, ಕೇಳಿದಾಗಲೆಲ್ಲಾ ಹೊಟ್ಟೆ ಉರಿಯುತ್ತೆ ನಂಗೆ. ಭಯ ಅನ್ನೋದು ನಾವು ಹೇಳ್ಕೊಟ್ಟ ಆಟ ಅಲ್ಲ ಕಣ್ರೀ, ಬೆನ್ನು ಸವರಿದ್ರು ಅಂತ ಮುಂದಿನ ಸಲ ಇನ್ನೂ ಜಾಸ್ತಿ ಹೆದರೋಣ ಅಂತ ಯಾವ ನಾಯಿನೂ ಲೆಕ್ಕ ಹಾಕಲ್ಲ. ಹತ್ರ ಬಂದ್ರೆ ತಬ್ಕೊಳ್ಳಿ, ಪಕ್ಕದಲ್ಲೇ ಕೂತ್ಕೊಂಡು ಮೆಲ್ಲಗೆ ಮಾತಾಡಿಸಿ. ಮಂಚದ ಕೆಳಗೆ ಹೋಗಿ ಗೋಡೆಗೆ ಬೆನ್ನು ಒತ್ತಿ ಕೂತಿದ್ರೆ ಮಾತ್ರ ದಯವಿಟ್ಟು ಕಾಲು ಹಿಡ್ದು ಎಳೀಬೇಡಿ, ಅದು ತಾನೇ ಹುಡುಕ್ಕೊಂಡಿರೋ ಜಾಗ, ಅಲ್ಲೇ ಒಂದು ಹಳೇ ಬೆಡ್‌ಶೀಟ್ ಹಾಕ್ಕೊಡಿ ಸಾಕು.

ಬೊಗಳಿದ್ರೆ ಓಡಿದ್ರೆ ಮಾತ್ರ ಭಯ ಅಲ್ಲ. ಸೆಖೆ ಇಲ್ದಿದ್ರೂ ಏದುಸಿರು, ನಿದ್ದೆ ಬರ್ದಿದ್ರೂ ಆಕಳಿಕೆ, ಪದೇ ಪದೇ ತುಟಿ ನೆಕ್ಕೋದು, ಪ್ರಾಣ ಬಿಡೋಷ್ಟು ಇಷ್ಟದ ತಿಂಡಿ ಮೂಗಿನ ಹತ್ರ ಹಿಡಿದ್ರೂ ಮೂಸಿ ಕೂಡ ನೋಡದೆ ಇರೋದು, ಇವೆಲ್ಲಾ ಭಯನೇ. ನಮ್ಮ ಕಿವಿ ಸುಮಾರು 20,000 ಹರ್ಟ್ಜ್‌ಗೆ (ಸದ್ದು ಎಷ್ಟು ಕೀರಲು ಅನ್ನೋ ಅಳತೆ) ನಿಂತ್ರೆ ಅವುಗಳದ್ದು 40,000 ದಾಟುತ್ತೆ, ನಮಗೆ ಕೇಳಿಸದೇ ಇರೋದೂ ಅವಕ್ಕೆ ಕೇಳಿಸ್ತಾ ಇರುತ್ತೆ.

ನಿಜವಾಗ್ಲೂ ಸಹಾಯ ಮಾಡ್ಬೇಕು ಅಂದ್ರೆ ತಿಂಗಳುಗಳ ಮುಂಚೆನೇ ಶುರು ಮಾಡ್ಬೇಕು. ಪಟಾಕಿ ಸದ್ದಿನ ರೆಕಾರ್ಡಿಂಗ್‌ನ ನಾಯಿ ಕಿವಿ ನಿಮಿರಿಸಿ ಸುಮ್ನಾಗೋಷ್ಟು ಸಣ್ಣ ವಾಲ್ಯೂಮಲ್ಲಿ ಹಾಕಿ, ಸದ್ದು ಬಂದ ತಕ್ಷಣ ತಿಂಡಿ ಕೊಡಿ, ಮತ್ತೆ ಸದ್ದು ಮತ್ತೆ ತಿಂಡಿ, ಆರಾಮಾಗಿದೆ ಅನ್ಸಿದ್ರೆ ದಿನಗಳು ಬಿಟ್ಟು ಒಂಚೂರು ಜಾಸ್ತಿ ಮಾಡಿ. ಹೆದರ್ತು ಅಂದ್ರೆ ನೀವು ಅವಸರ ಮಾಡಿದೀರ ಅಂತ ಅರ್ಥ, ವಾಪಸ್ ಕಡಿಮೆ ಮಾಡಿ. ಸದ್ದು ಜಾಸ್ತಿ ಇರೋ ದಿನ ಕತ್ತಲಾಗೋ ಮುಂಚೆನೇ ವಾಕಿಂಗ್ ಮುಗಿಸಿ, ಅದೂ ಬೆಲ್ಟ್ ಹಾಕ್ಕೊಂಡೇ, ಯಾಕಂದ್ರೆ ಹೆದರಿದ ನಾಯಿ ದಿಕ್ಕು ನೋಡಲ್ಲ. ಕೊರಳ ಪಟ್ಟಿಲಿ ನಿಮ್ಮ ಫೋನ್ ನಂಬರ್ ಇರ್ಲಿ. ಒಳಗಿನ ರೂಮು, ಎಳೆದ ಕರ್ಟನ್, ಫ್ಯಾನ್ ಸದ್ದು, ಜೊತೆಗೆ ಮನೆಯವರು ಯಾರಾದ್ರೂ ಒಬ್ರು.

ಔಷಧಿ ಕೊಡ್ಸೋದು ಸೋಲಲ್ಲ. ವಿಪರೀತ ಹೆದರೋ ನಾಯಿಗೆ ತಿಂಡಿ, ಫ್ಯಾನು ಏನೂ ನಾಟಲ್ಲ, ಡಾಕ್ಟ್ರ ಹತ್ರ ಮುಂಚೆನೇ ಮಾತಾಡಿ, ನಿಮ್ಮ ನಿದ್ದೆ ಮಾತ್ರೆ ಮಾತ್ರ ಯಾವತ್ತೂ ಕೊಡ್ಬೇಡಿ. ಅವರು ಬರೆದ್ರೂ ಇದು ಭಯ ಇಳಿಸುತ್ತಾ ಅಥವಾ ಬರೀ ಮೈ ಮಂಪರು ಮಾಡುತ್ತಾ ಅಂತ ಕೇಳಿ. ಅಸೆಪ್ರೊಮಜಿನ್ ಅನ್ನೋ ಮಂಪರು ಬರ್ಸೋ ಔಷಧಿ ಒಂದನ್ನೇ ಕೊಟ್ರೆ ನಾಯಿ ಅಲ್ಲಾಡ್ದೆ ಬಿದ್ದಿರುತ್ತೆ, ಆದ್ರೆ ಒಳಗಿನ ಭಯ ಹಂಗೇ ಇರುತ್ತೆ, ಹೊರಗಡೆ ನೋಡೋರಿಗೆ ಪಾಪ ಮಲ್ಕೊಂಡಿದೆ ಅನ್ಸುತ್ತೆ. ಅದಕ್ಕಿಂತ ದೊಡ್ಡ ಹಿಂಸೆ ಬೇಕಾ?

ಇನ್ನೊಂದು, ಇಷ್ಟು ವರ್ಷ ಯಾವ ಸದ್ದಿಗೂ ಕ್ಯಾರೇ ಅನ್ನದ ನಾಯಿ ವಯಸ್ಸಾದ್ಮೇಲೆ ಇದ್ದಕ್ಕಿದ್ದಂಗೆ ಹೆದರೋಕೆ ಶುರು ಮಾಡಿದ್ರೆ ಕೀಲು, ಸೊಂಟ ಚೆಕ್ ಮಾಡ್ಸಿ. ಸದ್ದಿಗೆ ಬೆಚ್ಚಿ ಮೈ ಬಿಗಿ ಹಿಡಿದಾಗ ನೋವಿರೋ ಜಾಗ ಇನ್ನೂ ನೋಯುತ್ತೆ, ಆಮೇಲೆ ಸದ್ದು ಅಂದ್ರೇನೇ ನೋವು ಅಂತ ಆಗ್ಬಿಡುತ್ತೆ ಅದಕ್ಕೆ.