ಸತ್ಯಾಂಶ: ಲಿಥಿಯಂ ಬಿಟ್ಟು ಬ್ರಾಹ್ಮಿ ಕಷಾಯ ಕುಡಿದರೆ ಸಾಕೇ?

"ಬೈಪೋಲಾರ್, ಓಸಿಡಿ ಮಾತ್ರೆಗಳು ಚಟ ಹಿಡಿಸುತ್ತವೆ, ನಿಲ್ಲಿಸಿ, ಬ್ರಾಹ್ಮಿ ಕಷಾಯ, ಪ್ರಾಣಾಯಾಮ ಸಾಕು" ಎನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ದಯವಿಟ್ಟು ಇದನ್ನು ನಂಬಿ ಮಾತ್ರೆ ಬಿಡಬೇಡಿ. ಬೈಪೋಲಾರ್ ಎಂದರೆ ಉನ್ಮಾದ (ಮಿತಿಮೀರಿದ ಉತ್ಸಾಹ, ಚಟುವಟಿಕೆ) ಮತ್ತು ಖಿನ್ನತೆ ಬಂದುಹೋಗುವ ಕಾಯಿಲೆ. ಓಸಿಡಿ ಎಂದರೆ ಬೇಡದ ಯೋಚನೆ ಕಾಡಿ, ಕೈ ತೊಳೆಯುವಂಥ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಗೀಳು ಕಾಯಿಲೆ.

ಬೈಪೋಲಾರ್‌ಗೆ ಕೊಡುವ ಲಿಥಿಯಂ ಚಟ ಹಿಡಿಸುವ ಔಷಧವಲ್ಲ. ಉನ್ಮಾದಕ್ಕೆ ಅದು ಕೆಲಸ ಮಾಡುವುದನ್ನು 1949ರಲ್ಲೇ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ವರದಿ ಮಾಡಿದ್ದರು. ದಿಢೀರನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಾಧ್ಯತೆ ಹೆಚ್ಚು. ಅಡ್ಡಪರಿಣಾಮ ಇಲ್ಲವೆಂದಲ್ಲ: ಕೈ ನಡುಗಬಹುದು, ಥೈರಾಯ್ಡ್, ಕಿಡ್ನಿಗೆ ತೊಂದರೆಯಾಗಬಹುದು. ಅದಕ್ಕೇ ಆಗಾಗ ರಕ್ತಪರೀಕ್ಷೆ. ವಾಂತಿಭೇದಿಯಾದಾಗ, ಮೈಕೈ ನೋವಿಗೆಂದು ಐಬುಪ್ರೊಫೆನ್ ನುಂಗಿದಾಗ ರಕ್ತದಲ್ಲಿ ಲಿಥಿಯಂ ಪ್ರಮಾಣ ಏರಬಹುದು, ವೈದ್ಯರಿಗೆ ತಿಳಿಸಲೇಬೇಕು. "ಗಿಡಮೂಲಿಕೆ ತಾನೇ" ಎಂಬ ಧೈರ್ಯವೂ ಬೇಡ. ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಉನ್ಮಾದ ಕೆರಳಿಸಿದ ಪ್ರಕರಣಗಳಿವೆ.

ಓಸಿಡಿಯ ವಿಷಯ ಬೇರೆ. ಇಲ್ಲಿ ಮಾತ್ರೆಯಿಲ್ಲದ ಒಂದು ಚಿಕಿತ್ಸೆ ನಿಜಕ್ಕೂ ಕೆಲಸ ಮಾಡುತ್ತದೆ: ಇಆರ್‌ಪಿ, ಅಂದರೆ ಕಳವಳ ಹುಟ್ಟಿಸುವುದನ್ನು ಎದುರಿಸಿ, ಗೀಳಿನ ಕೆಲಸವನ್ನು ಮಾಡದೆ ತಡೆಯುವುದು. ತರಬೇತಿ ಪಡೆದ ಮನಃಶಾಸ್ತ್ರಜ್ಞರ ಜೊತೆ, ಬಾಗಿಲ ಚಿಲಕ ಮುಟ್ಟಿ, ಕೈ ತೊಳೆಯದೆ, ಕಳವಳವನ್ನು ತಾಳಿಕೊಂಡು ಕೂರುವ ಅಭ್ಯಾಸ. ಮಾತ್ರೆಯಾದರೆ ಫಲ ಕಾಣಲು 8–12 ವಾರ ಬೇಕಾಗಬಹುದು. ಎರಡೇ ವಾರಕ್ಕೆ ಬಿಟ್ಟರೆ ಗೊತ್ತಾಗುವುದಿಲ್ಲ.

ಯೋಗ ಮಾಡಿ, ಮಾತ್ರೆಯ ಜೊತೆಗೆ. ಸಂದೇಹವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.